ಸೊಪ್ಪು, ಸೋಪು ಮತ್ತು ನಮ್ಮ ಮಾವ

ನನ್ನ ನಾಲಿಗೆಗೆ ಕೊತ್ತಂಬರಿ ಸೊಪ್ಪು ಸೋಪಿನ ಹಾಗಿರುತ್ತದೆ. ಇದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಾಗ ನನಗೆ ಆರೋ ಏಳೋ ವರ್ಷ. ನಮ್ಮದು ತಿಪಟೂರು ಕಡೆ. ಅಮ್ಮ ಚಿತ್ರಾನ್ನ ಬಡಿಸಿದ್ದಳು. "ಅಮ್ಮಾ, ಸೊಪ್ಪು ಸೋಪಿನ ಥರ ಇದೆ" ಅಂದೆ. ಒಗ್ಗರಣೆ ಸದ್ದಿನಲ್ಲಿ ಅವಳಿಗೆ ಕೇಳಿಸಿದ್ದು "ಸೊಪ್ಪು ಸೊಪ್ಪಿನ ಥರ ಇದೆ" ಅಂತ. "ಇನ್ನೇನು ಕಲ್ಲಿನ ಥರ ಇರುತ್ತಾ? ಸುಮ್ನೆ ತಿನ್ನು" ಅಂದಳು.

ಸರಿಯಾಗಿ ಕೇಳಿಸಿದ ಮೇಲೆ ಇನ್ನೂ ಕಷ್ಟಕ್ಕಿಟ್ಟುಕೊಂಡಿತು. "ಸೋಪಿನ ರುಚಿ ನಿನಗೆ ಹೆಂಗೋ ಗೊತ್ತು? ಯಾವಾಗ ತಿಂದೆ?" ಅಂತ ವಿಚಾರಣೆ ಶುರುವಾಯಿತು. ಅಮ್ಮ ಬಚ್ಚಲಮನೆಗೆ ಹೋಗಿ ಕೆಂಪು ಸೋಪನ್ನು ತಿರುಗಿಸಿ ತಿರುಗಿಸಿ ಹಲ್ಲಿನ ಗುರುತು ಹುಡುಕಿದಳು. ಸಿಗಲಿಲ್ಲ. ಆದರೂ ಅನುಮಾನ ಹೋಗಲಿಲ್ಲ. ಆ ವಾರ ನನಗೆ ಜಂತುಹುಳದ ಔಷಧಿ ಕುಡಿಸಿದರು. ಅವತ್ತಿಂದ ನಾನು ಬಾಯಿ ಮುಚ್ಚಿಕೊಂಡೆ. ಕೊತ್ತಂಬರಿ ಬಂದಾಗಲಂತೂ ಬಿಗಿಯಾಗಿ.

ನಮ್ಮ ಅಡುಗೆಯಲ್ಲಿ ಒಂದು ಅನ್ಯಾಯ ಇದೆ, ಗಮನಿಸಿದ್ದೀರಾ? ಕರಿಬೇವು ಎತ್ತಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಎತ್ತಿಡಲಿ ಅಂತಲೇ ಹಾಕಿದಂತಿರುತ್ತದೆ. ಊಟ ಮುಗಿದ ಮೇಲೆ ಎಲ್ಲರ ತಟ್ಟೆಯ ಅಂಚಿನಲ್ಲೂ ಅದರದೊಂದು ಸಾಲು. ಅದೇ ಕೊತ್ತಂಬರಿ ಎತ್ತಿಟ್ಟು ನೋಡಿ. "ಕೊಬ್ಬು" ಅನ್ನುತ್ತಾರೆ. ಎತ್ತಿಡುವುದೂ ಸುಲಭವಲ್ಲ. ಕರಿಬೇವು ಮರ್ಯಾದಸ್ಥ, ಇಡೀ ಎಲೆಯಾಗಿ ಎದುರಿಗೆ ಬರುತ್ತದೆ. ಕೊತ್ತಂಬರಿಯನ್ನು ಸಣ್ಣಗೆ ಹೆಚ್ಚಿ, ಒಲೆ ಆರಿಸಿದ ಮೇಲೆ ಉದುರಿಸುತ್ತಾರೆ. ಸಾರಿನ ಮೇಲೆ ಕೆರೆಯ ಪಾಚಿ ಹಾಗೆ ತೇಲುತ್ತಿರುತ್ತದೆ. ಸೌಟು ಎಲ್ಲಿ ಹಾಕಿದರೂ ಅದೇ. ನಾನು ಚಮಚದ ಹಿಂಭಾಗದಿಂದ ಅದನ್ನು ಬದಿಗೆ ತಳ್ಳಿ, ನಡುವೆ ತಿಳಿ ಕಾಣಿಸಿದ ತಕ್ಷಣ ಸಾರು ಎಳೆದುಕೊಳ್ಳುವ ವಿದ್ಯೆ ಕಲಿತೆ. ಓದಿನಲ್ಲಿ ಅಷ್ಟು ಏಕಾಗ್ರತೆ ಇದ್ದಿದ್ದರೆ ಈಗ ಎಲ್ಲೋ ಇರುತ್ತಿದ್ದೆ.

ಬಂದು ಸೇರಿದ್ದು ಕೋಲಾರಕ್ಕೆ. ಕೆಲಸ ಸಿಕ್ಕಿದ್ದು ಅಲ್ಲಿ, ಹೆಣ್ಣು ನೋಡಲು ಹೋಗಿದ್ದು ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಗೆ. ಮಾವಿನ ಸೀಮೆ. ನನ್ನ ಜೊತೆ ಸೋದರಮಾವ ಇದ್ದರು. ಕೇಸರಿಬಾತು ಬಂತು, ಉಪ್ಪಿಟ್ಟು ಬಂತು. ಉಪ್ಪಿಟ್ಟು ಅಂತ ನಾನು ಊಹಿಸಿದೆ ಅಷ್ಟೇ, ಯಾಕೆಂದರೆ ಮೇಲೆ ಕಾಣಿಸುತ್ತಿದ್ದದ್ದು ಬರೀ ಹಸಿರು. ಹುಡುಗಿಯನ್ನು ನೋಡಬೇಕಾದ ಹೊತ್ತಿನಲ್ಲಿ ನಾನು ತಟ್ಟೆ ನೋಡುತ್ತಾ ಕೂತಿದ್ದೆ. ತಿನ್ನದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ. ತಿಂದರೆ ಮುಖ ಕಿವುಚುತ್ತದೆ, ಹುಡುಗಿ ಇಷ್ಟವಾಗಲಿಲ್ಲ ಅಂದುಕೊಳ್ಳುತ್ತಾರೆ. ಯಾರೂ ನೋಡದಾಗ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ಕರ್ಚೀಫಿಗೆ ಸೇರಿಸಿದೆ. ಕೈ ತೊಳೆದು ಬಂದು ಜಮಖಾನದ ಮೇಲೆ ಕೂತೆ. ಎಲ್ಲ ಸಸೂತ್ರವಾಗಿತ್ತು. ಅಷ್ಟರಲ್ಲಿ ಸೀನು ಬಂತು.

ಕರ್ಚೀಫು ಕೊಡವಿಬಿಟ್ಟೆ.

ಜಮಖಾನದ ಮೇಲೆ ಕೊತ್ತಂಬರಿ ಮಳೆ. ಸೋದರಮಾವ ಸೂರಿನ ತೊಲೆ ಎಣಿಸತೊಡಗಿದರು. ಒಳಬಾಗಿಲ ಹತ್ತಿರ ಯಾರೋ ಕಿಸಕ್ಕೆಂದರು. ಆಮೇಲೆ ಗೊತ್ತಾಯಿತು, ಅದು ಹುಡುಗಿಯೇ. ಹುಡುಗಿಯ ಅಪ್ಪ ಎದ್ದು ಬಂದರು. ನೆಲದ ಮೇಲಿನ ಎಲೆ ನೋಡಿದರು, ನನ್ನನ್ನು ನೋಡಿದರು. ಕಣ್ಣು ತುಂಬಿದ ಹಾಗಿತ್ತು.

"ಇದ್ಯಾಕ್ರೀ ಹಿಂಗೆ? ಅಷ್ಟು ಇಷ್ಟ ಅಂದ್ರೆ ಬಾಯ್ಬಿಟ್ಟು ಕೇಳಬಾರದಾ? ಕರ್ಚೀಫಲ್ಲಿ ಕಟ್ಕೊಂಡು ಹೋಗೋದಾ? ನಮ್ಮ ತೋಟದಲ್ಲೇ ಬೆಳ್ದಿರೋ ಕೊತ್ಮಿರಿ!"

ಹೊರಡುವಾಗ ನನ್ನ ಮಡಿಲಿಗೆ ಹತ್ತು ಕಟ್ಟು. "ಹುಡುಗನಿಗೆ ಬೇಸಾಯದ ಬೆಲೆ ಗೊತ್ತು, ಉದುರಿದ ಎಲೇನೂ ಬಿಸಾಕಲ್ಲ" ಅಂತ ಊರೆಲ್ಲ ಹೇಳಿಕೊಂಡು ಬಂದರಂತೆ. ಸಂಬಂಧ ಕುದುರಿತು. ಇದು ನಡೆದು 14 ವರ್ಷ. ಮಾವನಿಗೆ ಇವತ್ತಿಗೂ ನಿಜ ಹೇಳಿಲ್ಲ.

ಹೆಂಡತಿಗೆ ಮಾತ್ರ ಮದುವೆಯಾದ ಮೂರನೇ ದಿನ ಹೇಳಿದೆ. ಅವಳು ನಂಬಲಿಲ್ಲ. "ಸಾರಿಗೆ ಧನಿಯಾ ಪುಡಿ ಜಾಸ್ತಿ ಹಾಕು ಅಂತೀರ. ಅದೇ ಗಿಡದ್ದಲ್ವಾ ಅದು? ಬೀಜ ಆಗುತ್ತೆ, ಎಲೆ ಆಗಲ್ವಾ?" ಅಂದಳು. ಉತ್ತರ ಗೊತ್ತಿರಲಿಲ್ಲ. ಈಗ ಗೊತ್ತು. ಬೀಜದ ಪರಿಮಳ ಲಿನಲೂಲ್ ಅನ್ನುವ ವಸ್ತುವಿನದು. ಎಲೆಯ ವಾಸನೆ ಬೇರೆ ವಸ್ತುಗಳದು, ಅಂದರೆ ಆಲ್ಡಿಹೈಡ್‌ಗಳದು. ಅದೇ ಬಗೆಯ ಆಲ್ಡಿಹೈಡ್‌ಗಳು ಸೋಪಿನಲ್ಲೂ ಇರುತ್ತವೆ, ನಾತ ಬಿಡುವ ಕೆಲವು ತಿಗಣೆಗಳಲ್ಲೂ ಇರುತ್ತವೆ. ಕೋರಿಯಾಂಡರ್ ಅನ್ನುವ ಹೆಸರೇ ತಿಗಣೆಗಿರುವ ಗ್ರೀಕ್ ಪದದಿಂದ ಬಂತು ಅನ್ನುತ್ತಾರೆ. ಇದನ್ನು ಹೆಂಡತಿಯ ಅಜ್ಜಿಗೆ ಹೇಳಿದಾಗ ಅವರೊಬ್ಬರೇ ನನ್ನ ಪರ ನಿಂತರು. "ಊಂ ಕಣಪ್ಪ, ಟೆಂಟ್ ಸಿನಿಮಾದಲ್ಲಿ ಕುರ್ಚಿ ತಿಗಣೆ ಹೊಸಕಿದ್ರೆ ಹಿಂಗೇ ನಾತ" ಅಂದರು. ಅಂದವರು ಅದೇ ಕೈಯಲ್ಲಿ ಇನ್ನೊಂದು ಹಿಡಿ ಕೊತ್ತಂಬರಿ ಸಾರಿಗೆ ಹಾಕಿದರು. ಆ ನಾತ ಅವರಿಗೆ ಇಷ್ಟವಂತೆ.

2012ರಲ್ಲಿ ವಿಜ್ಞಾನಿಗಳು ಸಾವಿರಾರು ಜನರ ಜೀನ್ ನೋಡಿ, ಸೋಪಿನ ರುಚಿ ಕಾಣುವವರಲ್ಲಿ ಓಆರ್‌6ಎ2 ಅನ್ನುವ ವಾಸನೆಯ ಜೀನಿನ ಹತ್ತಿರ ಒಂದು ವ್ಯತ್ಯಾಸ ಹೆಚ್ಚಾಗಿ ಕಾಣುತ್ತದೆ ಅಂದರು. ನಾನು ಕುಣಿದಾಡಿಬಿಟ್ಟೆ. ಜಂತುಹುಳದ ಔಷಧಿ ಕುಡಿಸಿದ ಅಮ್ಮನಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಹೇಳಿದೆ. "ಅದಕ್ಕೂ ಔಷಧಿ ಇದೆಯೇನೋ?" ಅಂದಳು. ಈ ಜೀನಿನದು ಸಣ್ಣ ಪಾಲು ಅಷ್ಟೇ ಅಂತಲೂ ಅದೇ ಅಧ್ಯಯನ ಹೇಳುತ್ತದೆ. ಆ ಸಾಲನ್ನು ಹೆಂಡತಿಗೆ ಓದಿ ಹೇಳಲಿಲ್ಲ. ಬದಲಿಗೆ ಅದೇ ವರ್ಷದ ಕೆನಡಾದ ಲೆಕ್ಕ ಹೇಳಿದೆ. ಪೂರ್ವ ಏಷ್ಯಾ ಮೂಲದವರಲ್ಲಿ ನೂರಕ್ಕೆ 21 ಜನಕ್ಕೆ ಕೊತ್ತಂಬರಿ ಆಗದು. ನಮ್ಮ ದಕ್ಷಿಣ ಏಷ್ಯಾದವರಲ್ಲಿ ಬರೀ 7.

"ನೂರಕ್ಕೆ ಏಳೇ ಜನ. ಆ ಏಳರಲ್ಲಿ ಒಬ್ಬರು ನಮ್ಮನೆಗೇ ಬರ್ಬೇಕಿತ್ತಾ?" ಅಂದಳು.

ಅಮೆರಿಕದ ಹೆಸರುವಾಸಿ ಅಡುಗೆಯಾಕೆ ಜೂಲಿಯಾ ಚೈಲ್ಡ್ 2002ರಲ್ಲಿ ಟೀವಿಯಲ್ಲೇ ಹೇಳಿದ್ದರು, ತಟ್ಟೆಯಲ್ಲಿ ಕೊತ್ತಂಬರಿ ಕಂಡರೆ ಹೆಕ್ಕಿ ನೆಲಕ್ಕೆ ಬಿಸಾಕುತ್ತೇನೆ ಅಂತ. ಎಂಥ ಧೈರ್ಯ! ನಾನು ಕರ್ಚೀಫಿನ ಮಟ್ಟದಲ್ಲೇ ಉಳಿದೆ. ನೆಲಕ್ಕೆ ಬಿಸಾಕಿದರೆ ಒರೆಸಬೇಕಾದವನೂ ನಾನೇ, ಅದು ಬೇರೆ ಮಾತು.

ನಮ್ಮ ಷಡ್ಡಕರದು ಇನ್ನೊಂದು ಸಿದ್ಧಾಂತ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರಲ್ಲ, ಕೆ.ಸಿ. ವ್ಯಾಲಿ ಯೋಜನೆ. "ಬೆಂಗಳೂರಿನೋರು ಸ್ನಾನ ಮಾಡಿದ ಸೋಪಿನ ನೀರು ಸ್ವಾಮಿ ಅದು. ಸೊಪ್ಪಲ್ಲಿ ಸೋಪು ಬರ್ದೆ ಇನ್ನೇನು ಬರುತ್ತೆ?" ಅನ್ನುತ್ತಾರೆ. ನಾನು ತಿಪಟೂರಿನಲ್ಲಿ ಆರನೇ ವಯಸ್ಸಿಗೇ ಸೋಪು ತಿಂದವನು ಅಂತ ನೆನಪಿಸಿದರೆ, "ಅದು ಬೇರೆ ಸೋಪು" ಅನ್ನುತ್ತಾರೆ. ಅವರ ಹತ್ತಿರ ವಾದ ಮಾಡಬಾರದು.

ನನ್ನ ಮಾನ ಹೋಗಿದ್ದು ಅವರೆಕಾಯಿ ಕಾಲದಲ್ಲಿ. ಡಿಸೆಂಬರ್ ಬಂದರೆ ನಾನು ಗಾಡಿ ಮುಂದೆ ನಿಂತು ಕಾಯಿಯನ್ನು ಮೂಗಿಗೆ ಹಿಡಿದು ಸೊಗಡು ಇದೆಯಾ ಅಂತ ಮೂಸುತ್ತೇನೆ. ಸೊಗಡಿಲ್ಲದಿದ್ದರೆ ಮುಂದಿನ ಗಾಡಿ. ಕೈ ತೊಳೆದರೂ ಹೋಗದ ಆ ಅಂಟು ವಾಸನೆ ನನಗೆ ಪ್ರಾಣ. ಹೆಂಡತಿ ಗಾಡಿಯವನ ಎದುರಿಗೇ ಕೇಳಿದಳು, "ಇದು ನಿಮಗೆ ಸುವಾಸನೆ, ಕೊತ್ತಂಬರಿ ನಾತ. ಹೌದಲ್ವಾ?" ಗಾಡಿಯವನು ನಕ್ಕ. ಮೊದಲೆಲ್ಲ ಅವನು ತರಕಾರಿ ಜೊತೆ ಒಂದು ಹಿಡಿ ಕೊತ್ತಂಬರಿಯನ್ನು ಕೊಸರು ಹಾಕುತ್ತಿದ್ದ. ಈಗ ಹಾಕುವುದಿಲ್ಲ. ನಮ್ಮಿಂದಾಗಿ ಅವನ ವ್ಯಾಪಾರವೇ ಕೆಟ್ಟಿದೆ. ಯಾಕೆ ಅಂದರೆ, ಚೀಲ.

ಮಾವನ ತೋಟದ ಟೊಮೆಟೊ ಟೆಂಪೋದಲ್ಲಿ ಕೋಲಾರದ ಎಪಿಎಂಸಿಗೆ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಕ್ರೇಟುಗಳ ಮೇಲೆ ಒಂದು ಗೋಣಿಚೀಲವೂ ಬರುತ್ತದೆ. ನಸುಕಿನಲ್ಲಿ ಡ್ರೈವರ್ ನಮ್ಮ ಗೇಟಿನ ಹತ್ತಿರ ಹಾರ್ನ್ ಹೊಡೆದು, "ಅಣ್ಣಾ, ನಿಮ್ಮ ಕೊತ್ಮಿರಿ" ಅಂತ ಕೂಗಿ ಇಳಿಸಿ ಹೋಗುತ್ತಾನೆ. ಮೂವತ್ತು ಕಟ್ಟಿಗೆ ಕಮ್ಮಿ ಇರುವುದಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಕೊತ್ತಂಬರಿ ಕೊಳ್ಳುವ ಅಭ್ಯಾಸವನ್ನೇ ಬಿಟ್ಟಿದ್ದಾರೆ.

ಬೇಡ ಅನ್ನಬಹುದಲ್ಲ ಅಂತ ಕೇಳಬೇಡಿ. ಒಂದು ಸಲ ಹೇಳೋಣ ಅಂತಲೇ ಊರಿಗೆ ಹೋಗಿದ್ದೆ. ಮಾವ ಜಗಲಿಯಲ್ಲಿ ಧನಿಯಾ ಬೀಜ ಹರಡಿಕೊಂಡು ಕೂತಿದ್ದರು. ಬಿತ್ತುವ ಮುಂಚೆ ಅದನ್ನು ಉಜ್ಜಿ ಎರಡು ಹೋಳು ಮಾಡಬೇಕು, ಆಗ ಮೊಳಕೆ ಚೆನ್ನಾಗಿ ಬರುತ್ತದೆ. ಹಳೇ ಚಪ್ಪಲಿ ಕೊಟ್ಟು "ಸ್ವಲ್ಪ ಉಜ್ಜಿ ಅಳಿಯಂದ್ರೇ" ಅಂದರು. ಕೊತ್ತಂಬರಿಯನ್ನು ಚಪ್ಪಲಿಯಲ್ಲಿ ಉಜ್ಜುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ. ಅಷ್ಟು ವರ್ಷದ ಸಿಟ್ಟನ್ನೆಲ್ಲ ಹಾಕಿ ಉಜ್ಜಿದೆ. ಉಜ್ಜುತ್ತಾ ಇರುವಾಗ ಮಾವ ಮಾತಾಡುತ್ತಲೇ ಇದ್ದರು. ಸಾವಿರದ ಇನ್ನೂರು ಅಡಿ ಕೊರೆಸಿದರೂ ಮೊದಲ ಬೋರಿನಲ್ಲಿ ಬರೀ ಧೂಳು ಬಂದದ್ದು. ಎರಡನೆಯದರಲ್ಲಿ ಎರಡು ಇಂಚು ನೀರು ಸಿಕ್ಕಿದ್ದು. ನಲವತ್ತು ದಿನದಲ್ಲಿ ಕೈಗೆ ಬರುವ ಬೆಳೆ ಅಂತ ಕೊತ್ತಂಬರಿಯನ್ನು ನಂಬಿದ್ದು. ಬೆಲೆ ಬಿದ್ದ ದಿನ ಕಿತ್ತು ಕಟ್ಟುವ ಕೂಲಿಯೂ ಹುಟ್ಟದೆ ಟ್ರ್ಯಾಕ್ಟರ್ ಹೊಡೆಸಿದ್ದು. "ಮಾರ್ಕೆಟ್ಟೋರಿಗೆ ಬೇಡ ಅಂದ್ರೂ ನಿಮಗಾದ್ರೂ ಬೇಕಲ್ಲ. ಅಷ್ಟು ಸಾಕು" ಅಂದರು.

ನಾನು ಚಪ್ಪಲಿ ಕೆಳಗಿಟ್ಟೆ. ಹೇಳಲಿಲ್ಲ. ಆ ಸಲ ಬೆಳೆ ಹುಲುಸಾಗಿ ಬಂತು. "ನಿಮ್ಮ ಕೈಗುಣ" ಅಂದರು.

ಆ ರಾತ್ರಿ ಅತ್ತೆ ಮುದ್ದೆ ಮಾಡಿ, ಒರಳಲ್ಲಿ ಅರೆದ ಒಂದು ಚಟ್ನಿ ಬಡಿಸಿದರು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಕಡಲೆಕಾಯಿ ಬೀಜ. ಮೂರನೇ ಮುದ್ದೆ ಹಾಕಿಸಿಕೊಳ್ಳುವಾಗ "ಇದೇನು ಅತ್ತೆ, ಇಷ್ಟು ಚೆನ್ನಾಗಿದೆ?" ಅಂದೆ. "ಕೊತ್ಮಿರಿ ಚಟ್ನಿ" ಅಂದರು. ಹೆಂಡತಿ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಕೊಲೆ ಸಾಬೀತಾದ ಹಾಗೆ.

ಎಲೆಯನ್ನು ನುಣ್ಣಗೆ ಅರೆದರೆ ಅದರೊಳಗಿನ ಕಿಣ್ವಗಳು ಆ ಆಲ್ಡಿಹೈಡ್‌ಗಳನ್ನು ಒಡೆಯುತ್ತವೆ, ಸೋಪಿನ ವಾಸನೆ ತಗ್ಗುತ್ತದೆ. ಇದು ನಿಜ. ಆದರೆ ಮೂರು ಮುದ್ದೆ ತಿಂದು ಬೆರಳು ನೆಕ್ಕಿದವನು ಕಿಣ್ವದ ಬಗ್ಗೆ ಭಾಷಣ ಮಾಡಿದರೆ ಯಾರು ನಂಬುತ್ತಾರೆ? "ನಾಟಕ" ಅಂತ ಒಂದೇ ಮಾತಲ್ಲಿ ಕೇಸು ಮುಗಿಸಿದಳು. ಮನೆಗೆ ಬಂದು ಮಿಕ್ಸಿಯಲ್ಲಿ ಅರೆದರೆ ಆಗುತ್ತೇನೋ ಅಂತ ನಾನೇ ಒಂದು ಸಲ ನೋಡಿದೆ. ಹೆಂಡತಿ ಮುಚ್ಚಳ ಗಟ್ಟಿಯಾಗಿ ಹಿಡಿಯಲು ಹೇಳಿದ್ದಳು. ಗೋಡೆಯ ಮೇಲೆ ಈಗಲೂ ಹಸಿರು ಕಲೆ ಇದೆ. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗಿಲ್ಲ.

ಹೋದ ವಾರದ್ದು ಹೇಳುತ್ತೇನೆ. ಬೆಲೆ ಪೂರ್ತಿ ಬಿದ್ದಿತ್ತು. ಎರಡು ಚೀಲ ಬಂತು. ಆಫೀಸಿಗೆ ಹೋಗುವ ಮುಂಚೆ ಮೂಗಿಗೆ ಟವೆಲ್ ಕಟ್ಟಿಕೊಂಡು ಇಡೀ ಬೀದಿಗೆ ಹಂಚಿದೆ. ಎದುರುಮನೆ, ಪಕ್ಕದಮನೆ, ಮೂಲೆಮನೆ, ಮೇಲಿನ ಬಾಡಿಗೆಯವರು. ಒಂದು ಎಲೆ ಉಳಿಸಲಿಲ್ಲ. ಸಂಜೆ ಬಂದು ಸಮಾಧಾನವಾಗಿ ಕೂತೆ. "ಇವತ್ತು ಅನ್ನ ತಿಳಿಸಾರು, ಮೇಲೆ ಏನೂ ಉದುರಿಸಿಲ್ಲ" ಅಂದಳು ಹೆಂಡತಿ. ಎಂಥ ಸುಖ!

ಬಾಗಿಲ ಗಂಟೆ ಸದ್ದಾಯಿತು. ಎದುರುಮನೆಯವರು. "ನೀವೇ ಕೊಟ್ಟ ಸೊಪ್ಪಿನಲ್ಲಿ ಕೊತ್ತಂಬರಿ ಬಾತ್ ಮಾಡಿದ್ವಿ, ನಿಮಗೆ ಬಲು ಇಷ್ಟ ಅಂತೆ." ಹಿಂದೆಯೇ ಪಕ್ಕದಮನೆಯ ಹುಡುಗ, ಕೊತ್ತಂಬರಿ ವಡೆ. ಮೇಲಿನವರು ರೊಟ್ಟಿ ಮಾಡಿದ್ದರು, ಹಿಟ್ಟಿಗಿಂತ ಸೊಪ್ಪೇ ಜಾಸ್ತಿ. ಮೂಲೆಮನೆಯ ಅಜ್ಜಿ ಡಬ್ಬಿ ಕೊಟ್ಟು ಹೋಗಲಿಲ್ಲ, ತಿನ್ನುವುದನ್ನು ನೋಡಿಕೊಂಡೇ ಹೋಗುತ್ತೇನೆ ಅಂತ ಕೂತರು. ಬಾತ್ ಒಂದು ತುತ್ತು ಬಾಯಿಗಿಟ್ಟೆ. ಅದೇ ಕೆಂಪು ಸೋಪು, ಅದೇ ಬಚ್ಚಲಮನೆ. ಆಗಲೇ ಮಾವನ ಫೋನ್. ಹಿಂದೆ ಟೆಂಪೋ ಸದ್ದು.

"ಅಳಿಯಂದ್ರೇ, ಹೆಂಗಿತ್ತು ಈ ಸಲದ್ದು?"

ಬಾಯಿ ತುಂಬಾ ಬಾತು, ತಲೆ ಓಡಲಿಲ್ಲ. ನಿಜವೇ ಬಂದುಬಿಟ್ಟಿತು. "ಸೋಪು ಮಾವ, ಸೋಪು!"

"ಸೂಪರ್ರಾ?" ಅಂದರು ಮಾವ. "ಇರಿ, ಟೆಂಪೋ ಇನ್ನೂ ಹೊರಟಿಲ್ಲ. ಇನ್ನೊಂದು ಚೀಲ ಹಾಕಿಸ್ತೀನಿ."