ಕಾಚಂಪುಳಿಗೆ ವೀಸಾ ಸಿಗಲಿಲ್ಲ

ನಮ್ಮ ಪಕ್ಕದ ತೋಟದವರು ಹೋಂಸ್ಟೇ ಶುರು ಮಾಡಿದ್ದಾರೆ. ಗೇಟಿನಲ್ಲಿ ದೊಡ್ಡ ಬೋರ್ಡು. ಕ್ಯಾಂಪ್ ಫೈರ್, ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಕಡುಬು), ದಿನವಿಡೀ ಬಿಸಿನೀರು. ಕೊನೆಯ ಸಾಲು ಮಾತ್ರ ಕೆಂಪು ಅಕ್ಷರದಲ್ಲಿದೆ: 'ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಬರೀ 60 ಕಿ.ಮೀ.' ಗೇಟಿನಿಂದ ಅವರ ಮನೆಗೆ ಒಂದು ಕಿ.ಮೀ. ಕಚ್ಚಾ ರಸ್ತೆ ಇದೆ. ಅದಕ್ಕೆ ಜೀಪೇ ಬೇಕು. ಆ ವಿಷಯ ಬೋರ್ಡಿನಲ್ಲಿ ಇಲ್ಲ.

ಬೋರ್ಡು ಸುಳ್ಳಲ್ಲ ಬಿಡಿ. ನಮ್ಮ ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ಕೇರಳದ ಗಡಿ ದಾಟಿ, ಇರಿಟ್ಟಿ ಮೇಲೆ ಹೋದರೆ ಮಟ್ಟನ್ನೂರು. ಕಣ್ಣೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಇರುವುದು ಅಲ್ಲೇ. 2018ರ ಡಿಸೆಂಬರ್ 9ರಂದು ಉದ್ಘಾಟನೆಯಾಯಿತು. ಕೇರಳಕ್ಕೆ ಅದು ನಾಲ್ಕನೇ ಅಂತರರಾಷ್ಟ್ರೀಯ ನಿಲ್ದಾಣ. ರನ್‌ವೇ 3,050 ಮೀಟರ್ ಉದ್ದ. ಅಷ್ಟುದ್ದದ ನೇರ ರಸ್ತೆ ನಮ್ಮ ತಾಲ್ಲೂಕಿನಲ್ಲಿ ದೀಪ ಹಿಡಿದು ಹುಡುಕಿದರೂ ಸಿಗುವುದಿಲ್ಲ. ಅದೇ ವರ್ಷ ಜೂನ್‌ನಲ್ಲಿ ಮಾಕುಟ್ಟ ಘಾಟಿ ಕುಸಿದು ರಸ್ತೆ ಬಂದ್ ಆಗಿತ್ತು. ಜಗತ್ತು ಬಾಗಿಲು ತೆಗೆಯುವ ಆರು ತಿಂಗಳು ಮೊದಲೇ ನಮ್ಮ ಮನೆಯ ಮೆಟ್ಟಿಲು ಜಾರಿತ್ತು.

ಇನ್ನು ಈ 'ಅಂತರರಾಷ್ಟ್ರೀಯ' ಅನ್ನುವ ಪದದ ವಿಷಯ. ವಿದೇಶಿ ಕಂಪನಿಯ ವಿಮಾನ ನಮ್ಮ ಯಾವ ಯಾವ ಊರಿಗೆ ಬರಬಹುದು ಅಂತ ದೇಶ ದೇಶಗಳ ನಡುವೆ ಒಪ್ಪಂದ ಇರುತ್ತದೆ. ಆ ಪಟ್ಟಿಯಲ್ಲಿ ಊರಿನ ಹೆಸರಿರಬೇಕು. ಅದಕ್ಕೆ 'ಪಾಯಿಂಟ್ ಆಫ್ ಕಾಲ್' ಅನ್ನುತ್ತಾರೆ. ಕಣ್ಣೂರಿಗೆ ನಿಲ್ದಾಣ ಬಂತು, ರನ್‌ವೇ ಬಂತು, ಇಮಿಗ್ರೇಷನ್ ಕೌಂಟರ್ ಬಂತು, ಈ ಪಟ್ಟಿಯಲ್ಲಿ ಹೆಸರು ಮಾತ್ರ ವರ್ಷಗಟ್ಟಲೆ ಬರಲಿಲ್ಲ. ಹಾಗಾಗಿ ಗಲ್ಫ್‌ಗೆ ಹೋಗಿ ಬರುವುದೆಲ್ಲ ನಮ್ಮ ದೇಶದ ಕಂಪನಿಗಳ ವಿಮಾನಗಳೇ. ಚಪ್ಪರ ಹಾಕಿ, ಓಲಗದವರನ್ನು ಕರೆಸಿ, ಅಡುಗೆಯೂ ಆದಮೇಲೆ ಗಂಡಿನ ಕಡೆಯವರಿಗೆ 'ನೀವು ಬರಬೇಡಿ, ನಾವೇ ಬಂದು ಹೋಗ್ತೀವಿ' ಅಂದ ಹಾಗೆ.

ನಾವೇನು ಕಡಿಮೆ ಇಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಮಾಕುಟ್ಟ ರಸ್ತೆಗೆ ನಮ್ಮ ಕಡೆಯವರು ಲೋಡುಗಟ್ಟಲೆ ಮಣ್ಣು ಸುರಿದರು. ಅಂತರರಾಷ್ಟ್ರೀಯ ನಿಲ್ದಾಣದ ದಾರಿಯನ್ನು ಒಂದು ಟಿಪ್ಪರ್ ಮುಚ್ಚಿ ಹಾಕಿತು. ರೋಗಕ್ಕೆ ಹೆದರಿದ್ದು ಸರಿ, ನಾನೂ ಹೆದರಿದ್ದೆ. ಆದರೆ ವಿಮಾನದಲ್ಲಿ ಬಂದ ವೈರಸ್ಸನ್ನು ಮಣ್ಣಿನ ಗುಡ್ಡೆ ಹಾಕಿ ತಡೆದ ಜಿಲ್ಲೆ ಜಗತ್ತಿನಲ್ಲಿ ಇನ್ನೆಷ್ಟಿದೆಯೋ.

ಕಣ್ಣೂರು ಬೇಡ ಅಂದರೆ ದೇವನಹಳ್ಳಿ. ಅದು 2008ರ ಮೇ ತಿಂಗಳಲ್ಲಿ ಶುರುವಾದದ್ದು. ಈಗ ಎರಡು ರನ್‌ವೇ, ಎರಡು ಟರ್ಮಿನಲ್. 2022ರಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್ಲನ್ನು 'ತೋಟದೊಳಗಿನ ಟರ್ಮಿನಲ್' ಅಂತಲೇ ಕರೆಯುತ್ತಾರೆ. ಒಳಗೆ ಗಿಡ, ಬಳ್ಳಿ, ಬಿದಿರು, ನೀರು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕೊಡಗಿನವನು ತನ್ನ ತೋಟ ಬಿಟ್ಟು, ಹತ್ತಿರ ಹತ್ತಿರ 280 ಕಿ.ಮೀ. ಕೂತು ಸೊಂಟ ಹಿಡಿಸಿಕೊಂಡು ಹೋದರೆ, ಅಲ್ಲಿ ಅವನಿಗೆ ತೋರಿಸುವುದು ತೋಟವನ್ನೇ!

ವಾಪಸ್ ಬರುವಾಗ ಇನ್ನೂ ಮಜಾ. ದೇವನಹಳ್ಳಿಯಿಂದ ಮೈಸೂರಿಗೆ ಸರ್ಕಾರಿ ಬಸ್ ಇದೆ. ಹೆಸರು ಫ್ಲೈಬಸ್. ಮೈಸೂರಿನಲ್ಲಿ ಇಳಿದು ಮುಂದಕ್ಕೆ ಸಾದಾ ಬಸ್ಸು ಹಿಡಿಯುತ್ತೇನೆ. ಹುಣಸೂರು ದಾಟಿ ಆನೆಚೌಕೂರಿನ ಕಾಡಿಗೆ ಬಂದರೆ ನಿಜವಾದ ಇಮಿಗ್ರೇಷನ್. ಆನೆ ರಸ್ತೆ ಮಧ್ಯೆ ನಿಂತಿರುತ್ತದೆ. ಪಾಸ್‌ಪೋರ್ಟ್ ಕೇಳುವುದಿಲ್ಲ, ಎಲ್ಲಿಂದ ಬಂದೆ ಅಂತ ಕೇಳುವುದಿಲ್ಲ. ಸುಮ್ನೆ ನೋಡುತ್ತದೆ. ಡ್ರೈವರ್ ಲೈಟ್ ಆರಿಸಿ ಕೂರುತ್ತಾನೆ. ಅದಕ್ಕೆ ಮನಸ್ಸಾದಾಗ ಸೀಲ್ ಹೊಡೆಯುತ್ತದೆ.

ಹೋದ ಮಳೆಗಾಲದಲ್ಲಿ ಚಿಕ್ಕಮ್ಮನನ್ನು ಕರೆದುಕೊಂಡು ದುಬೈಗೆ ಹೋಗಿದ್ದೆ. ಅವರ ಮಗ ಅಲ್ಲಿದ್ದಾನೆ. ಹೋಗುವಾಗ ಯಾವ ನಿಲ್ದಾಣ ಅನ್ನುವುದು ಬೇಡ, ನಮ್ಮ ದೇಶದಲ್ಲಿ ರೂಲು ಎಲ್ಲ ಕಡೆ ಒಂದೇ. ಚಿಕ್ಕಮ್ಮನ ಕೈಚೀಲದಲ್ಲಿ ಒಂದು ಹಳೇ ರಮ್ ಬಾಟಲಿ. ಅದರ ತುಂಬ ಕಾಚಂಪುಳಿ. ಪಣಪುಳಿ ಹಣ್ಣು ಕೊಳೆಸಿ, ರಸ ಇಳಿಸಿ, ಮಡಕೆಯಲ್ಲಿ ದಿನವಿಡೀ ಕುದಿಸಿ, ಕೊಡದಷ್ಟು ರಸ ಕೊನೆಗೆ ಒಂದು ಬಾಟಲಿಗೆ ಇಳಿದಿತ್ತು. ಇದಿಲ್ಲದೆ ಪಂದಿ ಕರಿಗೆ ಆ ಕಪ್ಪೂ ಇಲ್ಲ, ಹುಳಿಯೂ ಇಲ್ಲ. ಲಗೇಜಿಗೆ ಹಾಕಿ ಅಂದಿದ್ದೆ. "ಎತ್ತಿ ಬಿಸಾಡ್ತಾರೆ, ಒಡೆದು ಹೋಗುತ್ತೆ, ಕೈಯಲ್ಲೇ ಇರಲಿ" ಅಂದಿದ್ದರು.

ತಪಾಸಣೆಯ ಹುಡುಗ ಬಾಟಲಿ ಎತ್ತಿ ಹಿಡಿದ. ಅಲ್ಲಾಡಿಸಿದ. ಬೆಲ್ಲದ ಪಾಕದ ಹಾಗೆ ಕಪ್ಪಗೆ, ಮಂದವಾಗಿ ಬಾಟಲಿಯ ಗೋಡೆಗೆ ಅಂಟಿಕೊಂಡು ಇಳಿಯಿತು. ಮುಚ್ಚಳ ತೆಗೆದು ಮೂಸಿದ. ಕಣ್ಣಲ್ಲಿ ನೀರು ಬಂತು.

"ಇಂಜಿನ್ ಆಯಿಲ್?" ಅಂದ.

"ಅಯ್ಯೋ ಇಲ್ಲಪ್ಪಾ, ಹುಳಿ. ಅಡುಗೆಗೆ" ಅಂದರು ಚಿಕ್ಕಮ್ಮ.

ಕೈಚೀಲದಲ್ಲಿ ಯಾವ ದ್ರವವೂ 100 ಮಿಲಿಗಿಂತ ಜಾಸ್ತಿ ಇರುವ ಹಾಗಿಲ್ಲ ಅಂತ ಬೋರ್ಡು ತೋರಿಸಿದ. ಚಿಕ್ಕಮ್ಮ ಪಟ್ಟು ಬಿಡಲಿಲ್ಲ. "ಹಾಗಾದ್ರೆ ನೂರು ಮಿಲಿ ಅಳೆದು ಕೊಡು, ಉಳಿದದ್ದು ನೀನು ಇಟ್ಕೋ. ಹಂದಿ ತಿಂತೀಯಾ?" ಹುಡುಗ ಉತ್ತರ ಭಾರತದವನು, ಪಾಪ. ಪೂರ್ತಿ ಅರ್ಥವಾಗದೇ ಇದ್ದದ್ದು ಒಳ್ಳೆಯದೇ ಆಯಿತು. ಬಾಟಲಿ ಡಬ್ಬಿಗೆ ಬಿತ್ತು. ಅಲ್ಲೇ ಪಕ್ಕದ ಅಂಗಡಿಯಲ್ಲಿ ಲೀಟರ್ ಬಾಟಲಿಗಳಲ್ಲಿ ವಿಸ್ಕಿ ಸಾಲಾಗಿ ನಿಂತಿತ್ತು. ಅದನ್ನು ಲೀಟರ್ ಲೆಕ್ಕದಲ್ಲೇ ವಿಮಾನದೊಳಗೆ ಒಯ್ಯಬಹುದು, ಸೀಲ್ ಮಾಡಿದ ಚೀಲ ಇದ್ದರೆ ಸಾಕು.

ವಿಮಾನ ಕೊಡಗಿಗೆ ಹೊಸದೇನಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲೆ ಮಿಸ್ಟೇರ್ ಯುದ್ಧವಿಮಾನ ಹಾರಿಸಿ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದುರುಳಿಸಿ ವೀರಮರಣ ಹೊಂದಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ನಮ್ಮವರು. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಂದರೆ 23 ವರ್ಷಕ್ಕೆ. ದೆಹಲಿಯ ಫೈಲಿಗೆ ಅಷ್ಟು ಟೈಮ್ ಬೇಕು ಅಂದರೆ, ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಆಗಬೇಕಾದ ಕಿರು ವಿಮಾನ ನಿಲ್ದಾಣದ ಬಗ್ಗೆ ನಾವು ಅವಸರ ಮಾಡುವುದು ಸರಿಯಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 87 ಕಿ.ಮೀ. ರೈಲು ಬರುತ್ತದೆ ಅಂತಲೂ ಹೇಳುತ್ತಲೇ ಇದ್ದಾರೆ. ರೈಲು ಬಂದರೆ ಕಾಡು ಹೋಗುತ್ತದೆ ಅನ್ನುವವರಲ್ಲಿ ನಾನೂ ಒಬ್ಬ. ಸೂಟ್‌ಕೇಸ್ ಹೊತ್ತಿರುವಾಗ ಮಾತ್ರ ನನ್ನ ಅಭಿಪ್ರಾಯ ಕೇಳಬೇಡಿ.

ದುಬೈನಿಂದ ವಾಪಸ್ ಕಣ್ಣೂರಿಗೇ ಬಂದೆವು. ಮೂರೂವರೆ ಗಂಟೆಯ ಹಾರಾಟ. ಅರಬ್ಬೀ ಸಮುದ್ರ ದಾಟಿದ್ದೇ ಗೊತ್ತಾಗಲಿಲ್ಲ. ಟ್ಯಾಕ್ಸಿ ಹಿಡಿದು ಇರಿಟ್ಟಿ ದಾಟಿ ಘಾಟಿ ಹತ್ತಿದೆವು. ಅರ್ಧ ದಾರಿಯಲ್ಲಿ ಗಾಡಿಗಳ ಸಾಲು. ಮುಂದೆ ಮರ ಬಿದ್ದಿದೆ ಅಂದರು. ಎಷ್ಟು ದಪ್ಪ ಅಂತ ಕೇಳಿದೆ. ಒಬ್ಬರು ಎರಡೂ ಕೈ ಅಗಲಿಸಿ ತೋರಿಸಿದರು. ಕೈ ಸಾಲಲಿಲ್ಲ.

ದುಬೈನಿಂದ ತಮ್ಮ ಫೋನ್ ಮಾಡಿದ. "ಅಣ್ಣಾ, ಮನೆ ತಲುಪಿದ್ರಾ?"

"ಮರ ಬಿದ್ದಿದೆ. ಮಿಷನ್ ತರೋಕೆ ಹೋಗಿದ್ದಾರೆ."

ಎರಡು ಗಂಟೆ ಬಿಟ್ಟು ಮತ್ತೆ ಮಾಡಿದ. ಅಷ್ಟರಲ್ಲಿ ಅವನು ಊಟ ಮಾಡಿ ಒಂದು ನಿದ್ದೆಯನ್ನೂ ಮುಗಿಸಿದ್ದ. ನಾವು ಇದ್ದಲ್ಲೇ ಇದ್ದೆವು. ಜಿಗಣೆ ಮಾತ್ರ ಕಾಲಿನಿಂದ ಮೊಣಕಾಲಿಗೆ ಏರಿತ್ತು.

ಚಿಕ್ಕಮ್ಮ ಚೀಲ ಬಿಚ್ಚಿ ಒಂದು ಡಬ್ಬಿ ತೆಗೆದರು. ಮಗ ಕೊಡಿಸಿದ ಇಟಲಿಯ ಕಾಫಿ ಪುಡಿ. ದೇಶದ ಕಾಫಿಯಲ್ಲಿ ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಗೆ ಮಗ ಕೊಟ್ಟು ಕಳಿಸಿದ ಉಡುಗೊರೆ ಅದು. ನಮ್ಮ ದೇಶದ ಕಾಫಿಯನ್ನು ಎಲ್ಲರಿಗಿಂತ ಜಾಸ್ತಿ ಕೊಳ್ಳುವುದು ಇಟಲಿಯೇ. ನಮ್ಮ ರೋಬಸ್ಟಾ ಕಾಫಿ ಮಂಗಳೂರಿನಲ್ಲಿ ಹಡಗು ಹತ್ತಿ ಅಲ್ಲಿಗೆ ಹೋಗುತ್ತದೆ. ಅದಕ್ಕೆ ಯಾರೂ ನೂರು ಮಿಲಿ ಲೆಕ್ಕ ಹೇಳುವುದಿಲ್ಲ. ಚಿಕ್ಕಮ್ಮ ಮುಚ್ಚಳ ತೆಗೆದು ಮೂಸಿ, "ನಮ್ಮ ಕಣದ ವಾಸನೆನೇ ಕಣೋ ಇದು" ಅಂದರು. ಇದ್ದರೂ ಇರಬಹುದು. ಹಡಗಿನಲ್ಲಿ ಇಟಲಿಗೆ ಹೋಗಿ, ಹುರಿಸಿಕೊಂಡು, ದುಬೈ ನೋಡಿಕೊಂಡು, ವಿಮಾನದಲ್ಲಿ ಸಮುದ್ರ ದಾಟಿ, ಮನೆಗೆ ಇನ್ನೇನು ಸ್ವಲ್ಪವೇ ದೂರ ಇರುವಾಗ ನಮ್ಮ ಜೊತೆ ಅದೂ ಮಾಕುಟ್ಟದಲ್ಲಿ ನಿಂತಿತ್ತು.

ಕತ್ತಲಾಗುವ ಹೊತ್ತಿಗೆ ಮರ ಕುಯ್ಯುವ ಮಿಷನ್ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಹಗ್ಗ ಎಳೆದ, ಎಳೆದ, ಇನ್ನೊಮ್ಮೆ ಎಳೆದ. ಆಮೇಲೆ ನಮ್ಮ ಕಡೆ ತಿರುಗಿ, "ಯಾರ ಹತ್ರನಾದ್ರೂ ಸ್ವಲ್ಪ ಪೆಟ್ರೋಲ್ ಇದೆಯಾ?" ಅಂತ ಕೇಳಿದ.