ಸುತ್ತಲೂ ನೀರು

ದ್ವೀಪ ಎಂದರೇನು? ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪ ಎನ್ನುವರು. ಎರಡು ಮಾರ್ಕಿನ ಪ್ರಶ್ನೆ. ಇದನ್ನು ಬರೆದು ಎರಡಕ್ಕೆ ಎರಡೂ ತೆಗೆದುಕೊಂಡಿದ್ದೆ. ಅರ್ಥವಾದದ್ದು ಮಾತ್ರ ಈ ವರ್ಷ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಒಂದು ದ್ವೀಪಕ್ಕೆ ಹೋಗಿಬರುವ ಪ್ಲಾನ್ ಹಾಕಲು ಕೂತಾಗ.

ಎಲ್ಲ ಶುರುವಾದದ್ದು ಒಂದು ಚಿತ್ರದಿಂದ. ರಾತ್ರಿ ಮಲಗುವ ಮುಂಚೆ ಸುಮ್ನೆ ಫೋನ್ ನೋಡುತ್ತಿದ್ದಾಗ ಕಣ್ಣಿಗೆ ಬಿತ್ತು. ನೀರಿನ ಕಡೆ ಬಾಗಿದ ಎರಡು ತೆಂಗಿನ ಮರ. ಎರಡರ ನಡುವೆ ಬಲೆಯ ಜೋಕಾಲಿ. ಜೋಕಾಲಿಯ ಮೇಲೆ ಬೋರಲು ಹಾಕಿದ ಒಂದು ಪುಸ್ತಕ. ಮನುಷ್ಯರು ಯಾರೂ ಇಲ್ಲ. ಆ ಯಾರೂ ಇಲ್ಲದಿರುವುದೇ ನನ್ನನ್ನು ಎಳೆದದ್ದು ಅಂತ ಕಾಣುತ್ತದೆ. "ರಜಕ್ಕೆ ಇಂಥ ಕಡೆ ಹೋಗೋಣ್ವಾ?" ಅಂದುಬಿಟ್ಟೆ. ನಮ್ಮ ಮನೆಯಲ್ಲಿ ಒಂದು ನಿಯಮ ಇದೆ, ಯಾರೂ ಬರೆದಿಟ್ಟಿದ್ದಲ್ಲ. ಬಾಯಿ ಬಿಟ್ಟವರದೇ ಕೆಲಸ.

ಯಾವ ದ್ವೀಪ ಅನ್ನುವಲ್ಲೇ ಮೊದಲ ವಾರ ಹೋಯಿತು. ಇವರಿಗೆ ನಿದ್ದೆ ಬೇಕು. ಹದಿನಾಲ್ಕರ ಮಗಳಿಗೆ ನೀರೊಳಗೆ ಮುಖ ಹಾಕಿ ಮೀನು ನೋಡಬೇಕು. ಎಂಟರ ಮಗನಿಗೆ ಜ್ವಾಲಾಮುಖಿ ಬೇಕು, ಅದೂ ಈಗಲೂ ಹೊಗೆ ಬಿಡುತ್ತಿರುವಂಥದ್ದು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ನೋಡೋದಕ್ಕೆ ಏನಿದೆ?"

"ಸಮುದ್ರ ಇದೆ ಅತ್ತೆ."

"ಅದು ಮೊದಲನೇ ದಿನ. ಎರಡನೇ ದಿನ?"

ಇದಕ್ಕೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ.

ಮಾಲ್ಡೀವ್ಸ್ ಅಂದರೆ ಸುಮಾರು 1,200 ಪುಟ್ಟ ದ್ವೀಪಗಳು. ಊರು ಅಂತ ಇರುವುದು ಸುಮಾರು 200ರಲ್ಲಿ. ಮಿಕ್ಕವುಗಳಲ್ಲಿ ಎಷ್ಟೋ ದ್ವೀಪಗಳನ್ನು ರೆಸಾರ್ಟುಗಳಿಗೆ ಕೊಟ್ಟಿದ್ದಾರೆ, ಹೆಚ್ಚಾಗಿ ದ್ವೀಪಕ್ಕೊಂದೇ ರೆಸಾರ್ಟು. ದೇಶದ ಹೆಚ್ಚಿನ ನೆಲ ಸಮುದ್ರಮಟ್ಟದಿಂದ ಎರಡು ಮೀಟರ್ ಎತ್ತರವೂ ಇಲ್ಲ. "ನಮ್ಮ ಮನೆ ಸೀಲಿಂಗೇ ಇದಕ್ಕಿಂತ ಎತ್ತರ!" ಅಂತ ಮಗ ಮೂಗು ಮುರಿದ. "ಹತ್ತೋ ತಂಟೆಯೇ ಇಲ್ಲ, ಒಳ್ಳೇದೇ ಆಯ್ತು" ಅಂದರು ಇವರು. ಮಾರಿಷಸ್ಸು ಜ್ವಾಲಾಮುಖಿಯಿಂದಲೇ ಎದ್ದ ದ್ವೀಪ, ಬೆಟ್ಟಗಳೂ ಇವೆ. ಆದರೆ ಬೆಂಕಿ ಆರಿ ಹೋಗಿ ಯಾವ ಕಾಲವಾಯಿತೋ. ಬಾಲಿಯ ಅಗುಂಗ್ ಬೆಟ್ಟ 2017ರಲ್ಲಿ ಬೂದಿ ಉಗುಳಿ ವಿಮಾನ ನಿಲ್ದಾಣವನ್ನೇ ಮುಚ್ಚಿಸಿತ್ತು ಅಂತ ಓದಿದ ಕೂಡಲೇ ನಾನು ಬಾಲಿಗೆ ಗೆರೆ ಎಳೆದೆ. ಅದೇ ಸಾಲನ್ನು ಓದಿದ ಮಗ ಬಾಲಿಯನ್ನು ಪಟ್ಟಿಯ ಮೊದಲಿಗೆ ಬರೆದ. ಸೇಷೆಲ್ಸ್‌ನ ಮಾತು ಬಂದಾಗ, ಅಲ್ಲಿ ಲೋಕದಲ್ಲೇ ದೊಡ್ಡ ಬೀಜ ಬಿಡುವ ತಾಳೆ ಮರ ಇದೆಯಂತೆ, ಒಂದು ಬೀಜ 25 ಕಿಲೋವರೆಗೂ ತೂಗುತ್ತದಂತೆ ಅಂದೆ. ಇವರು ಲಗೇಜಿನ ಮಿತಿ ಎಷ್ಟು ಅಂತ ನೋಡತೊಡಗಿದರು. ಅದನ್ನು ಪರವಾನಗಿ ಇಲ್ಲದೆ ಹೊರಗೆ ಒಯ್ಯುವ ಹಾಗಿಲ್ಲ, ಅದು ಬೇರೆ ಮಾತು.

ಇದರ ಮಧ್ಯೆ ಮಗಳು ಒಂದು ದಿನ, ಎಲ್ಲರೂ ತುತ್ತು ಬಾಯಿಗಿಡುವ ಹೊತ್ತಿಗೆ ಸರಿಯಾಗಿ, ಒಂದು ಸುದ್ದಿ ಹೊರಹಾಕಿದಳು. ಚಿತ್ರಗಳಲ್ಲಿ ಕಾಣುವ ಆ ಬೆಳ್ಳನೆ ನುಣುಪು ಮರಳಿದೆಯಲ್ಲ, ಅದರಲ್ಲಿ ದೊಡ್ಡ ಪಾಲು ಮೀನಿನ ಹೇಲಂತೆ. ಪ್ಯಾರಟ್ ಫಿಶ್ ಅಂತ ಒಂದು ಮೀನು. ಗಿಳಿಯ ಕೊಕ್ಕಿನ ಹಾಗೆ ಹಲ್ಲು. ಸತ್ತ ಹವಳದ ಮೇಲೆ ಬೆಳೆದ ಪಾಚಿ ಅದರ ಊಟ. ಪಾಚಿಯನ್ನು ಕೆರೆಯುವಾಗ ಹವಳದ ಕಲ್ಲೂ ಬಾಯಿಗೆ ಬರುತ್ತದೆ. ಅದನ್ನು ಗಂಟಲಲ್ಲಿ ಇನ್ನೊಂದು ಜೊತೆ ಹಲ್ಲಿನಿಂದ ಪುಡಿ ಮಾಡಿ, ಪಾಚಿ ಇಟ್ಟುಕೊಂಡು, ಮಿಕ್ಕಿದ್ದನ್ನು ಹಿಂದಿನಿಂದ ಬಿಡುತ್ತದೆ. ಒಂದು ದೊಡ್ಡ ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ಅತ್ತೆ ತಟ್ಟೆಯಿಂದ ಕೈ ತೆಗೆದು ಸ್ವಲ್ಪ ಹೊತ್ತು ಯೋಚಿಸಿದರು. "ಅಂದ್ರೆ ಇಷ್ಟು ದುಡ್ಡು ಕೊಟ್ಟು ನಾವು ಹೋಗಿ ಅದರ ಮೇಲೆ ಮಲಗೋದಾ?" ಮಗ ಮಾತ್ರ ಖುಷಿಯಿಂದ ಕುಣಿದ. ಜ್ವಾಲಾಮುಖಿ ಇಲ್ಲದ ದ್ವೀಪಕ್ಕೂ ಅವನು ಒಪ್ಪಿದ್ದು ಆವತ್ತೇ.

ಆಮೇಲೆ ಮಳೆಯ ವಿಚಾರ. ರಜ ಕೊಡುವುದು ಸ್ಕೂಲಿನವರು, ಮಳೆ ಕೊಡುವುದು ಆಕಾಶ. ಇಬ್ಬರಿಗೂ ಮಾತುಕತೆ ಇಲ್ಲ. ಉಷ್ಣವಲಯದಲ್ಲಿ ಚಳಿಗಾಲ, ಬೇಸಿಗೆಗಾಲ ಅಂತ ನೋಡುವುದಕ್ಕಿಂತ ಒಣಗಾಲವೋ ಮಳೆಗಾಲವೋ ಅಂತ ನೋಡಬೇಕು. ಬಾಲಿಯಲ್ಲಿ ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಮಾರಿಷಸ್ ಕಡೆ ನವೆಂಬರ್‌ನಿಂದ ಏಪ್ರಿಲ್ ಚಂಡಮಾರುತಗಳ ಕಾಲ. ಕೆಲವು ತಿಂಗಳು ರೂಮುಗಳು ಅಷ್ಟೊಂದು ಅಗ್ಗಕ್ಕೆ ಏಕೆ ಸಿಗುತ್ತವೆ ಅನ್ನುವುದು ಆಗ ಹೊಳೆಯಿತು. ಆ ಜಾಹೀರಾತುಗಳಲ್ಲಿ ಮಳೆ ಅನ್ನುವ ಪದವೇ ಇರುವುದಿಲ್ಲ. "ಹಸಿರು ಋತು" ಅಂತ ಇರುತ್ತದೆ.

ಒಂದೇ ದ್ವೀಪದಲ್ಲೂ ಎರಡು ಹವಾಮಾನ ಇರುತ್ತದೆ ಅನ್ನುವುದು ಇನ್ನೊಂದು ಪಾಠ. ಬೆಟ್ಟವಿರುವ ದ್ವೀಪವಾದರೆ ಗಾಳಿಗೆ ಎದೆ ಕೊಟ್ಟ ಕಡೆ ಮಳೆ, ಬೆನ್ನು ಕೊಟ್ಟ ಕಡೆ ಬಿಸಿಲು. ಹವಾಯಿಯ ಕವಾಯಿ ದ್ವೀಪದ ನಡುವಿನ ವೈಯಾಲಿಯಾಲೆ ಬೆಟ್ಟ ಭೂಮಿಯ ಮೇಲೆ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು. ಅದೇ ದ್ವೀಪದ ಪಶ್ಚಿಮದ ಕಡಲಂಚು ಒಣಕಲು. ಅಂದರೆ ದ್ವೀಪ ಆರಿಸಿದರೆ ಮುಗಿಯಲಿಲ್ಲ, ಯಾವ ಮಗ್ಗುಲು ಅಂತಲೂ ಆರಿಸಬೇಕು. ನಾನು ಹೋಟೆಲಿನ ಫೋಟೋ ನೋಡುವುದು ಬಿಟ್ಟು ಗಾಳಿ ಬೀಸುವ ದಿಕ್ಕು ನೋಡತೊಡಗಿದೆ.

ಬಾಲಿಯಲ್ಲಿ ವರ್ಷಕ್ಕೊಂದು ದಿನ ನ್ಯೇಪಿ ಅಂತ ಮೌನದ ದಿನ ಇದೆ, ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಆ ದಿನ 24 ಗಂಟೆ ವಿಮಾನ ನಿಲ್ದಾಣ ಮುಚ್ಚಿರುತ್ತದೆ. ಬೀದಿಯಲ್ಲಿ ಯಾರೂ ಓಡಾಡುವ ಹಾಗಿಲ್ಲ, ಪ್ರವಾಸಿಗಳೂ ಹೋಟೆಲಿನ ಒಳಗೇ ಇರಬೇಕು, ದೀಪ ಕೂಡ ಮಂದ. ತಾರೀಕು ನೋಡದೆ ಟಿಕೆಟ್ ಮಾಡಿದವರ ಪಾಡು ನೋಡಿ ಅಂತ ಇವರಿಗೆ ಹೇಳಿದೆ. "ಅದೇ ದಿನಕ್ಕೆ ಸಿಗುತ್ತಾ?" ಅಂತ ಕೇಳಿದರು.

ಇವೆಲ್ಲ ಸರಿಹೋದ ಮೇಲೆ ನಿಜವಾದ ನೀರು ಎದುರಾಯಿತು. ದ್ವೀಪಕ್ಕೆ ಹೋಗುವುದೆಂದರೆ ವಿಮಾನ ಇಳಿಯುವುದಲ್ಲ. ವಿಮಾನ ಇಳಿಯುವುದು ಬೇರೆ ದ್ವೀಪದಲ್ಲಿ. ಚಿತ್ರದಲ್ಲಿರುವ ದ್ವೀಪಕ್ಕೆ ಅಲ್ಲಿಂದ ಮುಂದೆ ದೋಣಿ, ಇಲ್ಲವೇ ನೀರಿನ ಮೇಲೆ ಇಳಿಯುವ ಸೀಪ್ಲೇನ್. ಮಾಲ್ಡೀವ್ಸ್‌ನಲ್ಲಿ ಸೀಪ್ಲೇನ್ ಹಾರುವುದು ಹಗಲಲ್ಲಿ ಮಾತ್ರ. ಸಮಭಾಜಕದ ಹತ್ತಿರ ಸೂರ್ಯ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಇಳಿಯುತ್ತಾನೆ. ಮುಸ್ಸಂಜೆ ಅನ್ನುವುದು ನೋಡನೋಡುತ್ತ ಮುಗಿದು ಕತ್ತಲಾಗಿಬಿಡುತ್ತದೆ. ನಾನು ಕಷ್ಟಪಟ್ಟು ಹುಡುಕಿದ ಅಗ್ಗದ ವಿಮಾನ ಇಳಿಯುವುದು ಸಂಜೆ ಐದೂವರೆಗೆ. ಹೊರಬರುವಷ್ಟರಲ್ಲಿ ಕತ್ತಲೆ. ಆ ರಾತ್ರಿಗೆ ಇನ್ನೊಂದು ರೂಮು ಬೇಕು. ಅಗ್ಗದ ಟಿಕೆಟ್ಟು ಅಲ್ಲಿಗೆ ದುಬಾರಿ ಟಿಕೆಟ್ಟಾಯಿತು.

ಆಗ ಒಂದು ವಿಷಯ ತಿಳಿಯಿತು. ದ್ವೀಪದ ಪ್ಲಾನನ್ನು ಮನೆಯಿಂದ ಶುರು ಮಾಡಬಾರದು. ಕೊನೆಯ ದೋಣಿಯಿಂದ ಶುರು ಮಾಡಿ ಹಿಂದಕ್ಕೆ ಬರಬೇಕು. ದೋಣಿ ಎಷ್ಟು ಗಂಟೆಗೆ? ಹಾಗಾದರೆ ವಿಮಾನ ಎಷ್ಟಕ್ಕೆ ಇಳಿಯಬೇಕು? ಹಾಗಾದರೆ ಎಷ್ಟಕ್ಕೆ ಹತ್ತಬೇಕು? ಹೀಗೆ ಹಿಂದಕ್ಕೆ ನಡೆಯುತ್ತ ನಡೆಯುತ್ತ ನಾನು ಬಂದು ನಿಂತದ್ದು ನಡುರಾತ್ರಿ 2 ಗಂಟೆಗೆ, ನಮ್ಮ ಮಕ್ಕಳ ಮಂಚದ ಪಕ್ಕ, "ಏಳ್ರೋ" ಅನ್ನುತ್ತ.

ದೋಣಿ ಅಂದರೆ ನನಗೆ ಮೊದಲೇ ಆಗದು. ಹಿಂದೊಮ್ಮೆ ಒಂದು ಮುಚ್ಚಿದ ದೋಣಿಯಲ್ಲಿ ಬರೀ ಮುಕ್ಕಾಲು ಗಂಟೆ ಕೂತು, ನನ್ನ ಮಾನವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಳಿದಿದ್ದೆ. ಒಳಕಿವಿ "ಅಲುಗಾಡುತ್ತಿದ್ದೇವೆ" ಅನ್ನುತ್ತದೆ, ಎದುರಿನ ಸೀಟನ್ನೇ ನೋಡುತ್ತಿರುವ ಕಣ್ಣು "ಇಲ್ಲವಲ್ಲ" ಅನ್ನುತ್ತದೆ. ಇಬ್ಬರ ಜಗಳದಲ್ಲಿ ಪೆಟ್ಟು ಹೊಟ್ಟೆಗೆ. ದೋಣಿಯ ನಡುಭಾಗದಲ್ಲಿ ಕೂರಬೇಕು, ದೂರದಲ್ಲಿ ನೀರೂ ಆಕಾಶವೂ ಸೇರುವ ಗೆರೆಯನ್ನು ನೋಡುತ್ತಿರಬೇಕು, ಮಾತ್ರೆಯನ್ನು ಹತ್ತುವ ಮೊದಲೇ ನುಂಗಿರಬೇಕು. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಇದು ನಾನು ಓದಿ ತಿಳಿದದ್ದಲ್ಲ.

ಪಾಸ್‌ಪೋರ್ಟುಗಳನ್ನು ತೆಗೆದು ಮೇಜಿನ ಮೇಲೆ ಹರಡಿದ ದಿನ ಇನ್ನೊಂದು ಆಘಾತ. ಎಷ್ಟೋ ದೇಶಗಳು ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು ಅನ್ನುತ್ತವೆ. ದೊಡ್ಡವರದ್ದೆಲ್ಲ ಸರಿಯಿತ್ತು. ಮಗನದು ಮುಗಿದು ಯಾವ ಕಾಲವೋ ಆಗಿತ್ತು. ಒಳಗೆ ತೆರೆದರೆ ನಾಲ್ಕು ತಿಂಗಳ ಕೂಸಿನ ಫೋಟೋ. ತಲೆ ನಿಲ್ಲದೆ ಒಂದು ಕಡೆ ವಾಲಿದೆ, ಒಂದು ಕಣ್ಣು ಅರ್ಧ ಮುಚ್ಚಿದೆ, ಕೆನ್ನೆಯ ಅಂಚಿನಲ್ಲಿ ಒಂದು ಬೆರಳ ತುದಿ. ಹಿಂದಿನಿಂದ ಕತ್ತು ಹಿಡಿದಿದ್ದ ನನ್ನದೇ ಬೆರಳು. ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕಿತ್ತು. ಅದರ ಬದಲು ಎಲ್ಲರೂ ಸೇರಿ ಅರ್ಧ ಗಂಟೆ ಆ ಫೋಟೋ ನೋಡಿದೆವು. ಮಗ "ಇದು ನಾನಲ್ಲ" ಅಂತ ವಾದಿಸಿದ. ಅಧಿಕಾರಿಗಳೂ ಹಾಗೇ ಅಂದಾರು ಅನ್ನಿಸಿತು.

ಇನ್ನು ಸಾಮಾನು ಕಟ್ಟುವ ವಿಷಯ. 1704ರಲ್ಲಿ ಅಲೆಕ್ಸಾಂಡರ್ ಸೆಲ್ಕಿರ್ಕ್ ಅನ್ನುವ ಸ್ಕಾಟ್ಲೆಂಡಿನ ನಾವಿಕ ತನ್ನ ಕ್ಯಾಪ್ಟನ್ ಜೊತೆ ಜಗಳವಾಡಿದ. ಹಡಗು ಸೋರುತ್ತಿದೆ, ಇದರಲ್ಲಿ ಬರುವುದಕ್ಕಿಂತ ಇಲ್ಲೇ ಇಳಿಯುತ್ತೇನೆ ಅಂದ. ಕ್ಯಾಪ್ಟನ್ ಇಳಿಸಿಯೇಬಿಟ್ಟ. ಚಿಲಿಯಾಚೆಗಿನ ಪೆಸಿಫಿಕ್‌ನಲ್ಲಿ ಜನ ಇಲ್ಲದ ದ್ವೀಪ. ದೋಣಿ ತಿರುಗುವಷ್ಟರಲ್ಲಿ ಇವನಿಗೆ ಭಯವಾಗಿ "ಬರ್ತೀನಿ, ಬರ್ತೀನಿ" ಅಂದರೂ ಹತ್ತಿಸಿಕೊಳ್ಳಲಿಲ್ಲವಂತೆ. ಅಲ್ಲಿ ಅವನು ಒಬ್ಬನೇ ಇದ್ದದ್ದು ನಾಲ್ಕು ವರ್ಷಕ್ಕೂ ಜಾಸ್ತಿ, 1709ರವರೆಗೆ. (ಹಡಗಿನ ವಿಷಯದಲ್ಲಿ ಅವನು ಹೇಳಿದ್ದೇ ನಿಜವಾಯಿತು, ಅದು ಮುಂದೆ ಮುಳುಗಿತು.) ಅವನ ಹತ್ತಿರ ಇದ್ದದ್ದು ಹಾಸಿಗೆ ಬಟ್ಟೆ, ಒಂದು ಬಂದೂಕು, ಮದ್ದು ಗುಂಡು, ಕೊಡಲಿ, ಚಾಕು, ಒಂದು ಪಾತ್ರೆ, ಬೈಬಲ್ಲು, ಇನ್ನು ಅಂಥವೇ ಕೆಲವು. ನಾವು ಹೋಗುವುದು ಆರು ದಿನಕ್ಕೆ. ನನ್ನ ಪಟ್ಟಿ ಮೂರನೇ ಪುಟಕ್ಕೆ ಹೋಗಿದೆ.

ಹಾಗಂತ ಯಾವುದನ್ನೂ ತೆಗೆಯುವ ಹಾಗಿಲ್ಲ. ಸುತ್ತಲೂ ನೀರು. ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಬಂದರೆ ಮೂಲೆ ಅಂಗಡಿ ಇಲ್ಲ, ಮೂಲೆಯೂ ಇಲ್ಲ. ಥರ್ಮಾಮೀಟರ್, ಜ್ವರದ ಔಷಧ, ಓಆರ್‌ಎಸ್ ಪುಡಿ, ಸೊಳ್ಳೆಗೆ ಹಚ್ಚುವ ಕ್ರೀಮು ಬೇಕೇಬೇಕು. ಅಲ್ಲಿನ ಬಿಸಿಲಿಗೆ ಸನ್‌ಸ್ಕ್ರೀನ್ ಬೇಕು, ಆದರೆ ಮನೆಯಲ್ಲಿದ್ದ ಡಬ್ಬಿಯನ್ನು ಮಗಳು ಕಿತ್ತುಕೊಂಡು ಹಿಂಬದಿ ಓದಿದಳು. ಹವಳಕ್ಕೆ ಕೆಟ್ಟದ್ದು ಅಂತ ಆಕ್ಸಿಬೆಂಜೋನ್ ಇರುವ ಸನ್‌ಸ್ಕ್ರೀನನ್ನು ಪಲಾವ್ ದೇಶ 2020ರಲ್ಲಿ ನಿಷೇಧಿಸಿತು, ಹವಾಯಿ 2021ರಲ್ಲಿ ಮಾರಾಟವನ್ನೇ ನಿಲ್ಲಿಸಿತು. ನಮ್ಮ ಡಬ್ಬಿಯಲ್ಲಿ ಅದೇ ಇತ್ತು. "ತೋಳಿನ ಅಂಗಿ ಹಾಕ್ಕೊಂಡ್ರೆ ಆಗಲ್ವಾ?" ಅಂದರು ಅತ್ತೆ. ಹವಳದ ತಜ್ಞರು ಹೇಳುವುದೂ ಹೆಚ್ಚುಕಡಿಮೆ ಅದನ್ನೇ.

ನಾನು ಇಷ್ಟೆಲ್ಲ ಒದ್ದಾಡುವುದಕ್ಕೆ ಒಂದು ಗುಟ್ಟಿನ ಕಾರಣ ಇದೆ. ಮನೆಯಲ್ಲಿ ಐದು ಜನ ಇದ್ದೇವೆ. ಒಬ್ಬರು ಬರುವಾಗ ಇನ್ನೊಬ್ಬರು ಹೊರಟಿರುತ್ತಾರೆ. ಬೇರೆ ಕಡೆ ಪ್ರವಾಸ ಹೋದರೂ ಅಷ್ಟೇ. ಇವರು ಒಂದು ಫೋನ್ ಮಾಡಿ ಬರುತ್ತೇನೆ ಅಂತ ಎದ್ದರೆ ಊರ ಇನ್ನೊಂದು ತುದಿಯಲ್ಲಿ ಸಿಗುತ್ತಾರೆ. ಪುಟ್ಟ ದ್ವೀಪದಲ್ಲಿ ಸಿಟ್ಟು ಮಾಡಿಕೊಂಡು ದಡದ ಗುಂಟ ಹೊರಟವರು ಇಪ್ಪತ್ತು ನಿಮಿಷಕ್ಕೆ ಸುತ್ತು ಹಾಕಿ ಅದೇ ಜಗಳದ ಜಾಗಕ್ಕೇ ಬಂದು ನಿಲ್ಲುತ್ತಾರೆ. ಸೆಲ್ಕಿರ್ಕ್ ಹಾಗೆ "ನಾನು ಇಲ್ಲೇ ಇಳೀತೀನಿ" ಅನ್ನಲು ಬರುವುದಿಲ್ಲ. ಇಳಿದಾಗಿದೆ. ಮುಂದಿನ ದೋಣಿ ಗುರುವಾರ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಹೇಳಿದರೆ ಟಿಕೆಟ್ ಕ್ಯಾನ್ಸಲ್ ಆದೀತು.

ನಿನ್ನೆ ಅತ್ತೆ ತಮ್ಮ ಚೀಲ ಕಟ್ಟಿಕೊಂಡು ಹಾಲಿಗೆ ತಂದಿಟ್ಟರು. ಹೊರಡುವುದಕ್ಕೆ ಇನ್ನೂ ಹನ್ನೆರಡು ದಿನ ಇದೆ. ಸಣ್ಣ ಚೀಲ. ಒಳಗೆ ನಾಲ್ಕು ಸೀರೆ, ಬಿಪಿ ಮಾತ್ರೆ, ಟಾರ್ಚು, ಸೂಜಿ ದಾರ. ಅಡಿಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಒಂದು ನೈಲಾನ್ ಹಗ್ಗ, ಜೊತೆಗೆ ಒಂದು ಡಜನ್ ಬಟ್ಟೆ ಕ್ಲಿಪ್ಪು.

"ಇದ್ಯಾಕೆ ಅತ್ತೆ?"

"ದಿನಾ ನೀರಲ್ಲೇ ಬಿದ್ದಿರ್ತಾವೆ ಮಕ್ಕಳು. ಒದ್ದೆ ಬಟ್ಟೆ ಎಲ್ಲಿ ಹಾಕ್ತೀಯ? ಹಗ್ಗ ಕಟ್ಟೋಕೆ ಅಲ್ಲಿ ಎರಡು ಮರ ಆದ್ರೂ ಇರುತ್ತಲ್ವಾ?"

ಫೋನ್ ತೆಗೆದು ಮೊದಲ ದಿನದ ಆ ಚಿತ್ರ ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಎರಡೂ ತೆಂಗಿನ ಮರಗಳನ್ನು ನೋಡಿದರು. ನಡುವಿನ ದೂರವನ್ನು ಕಣ್ಣಲ್ಲೇ ಅಳೆದರು.

"ಸಾಕಾಗುತ್ತೆ" ಅಂದರು. "ಆ ಬಲೆ ಬಿಚ್ಚಿಟ್ರಾಯ್ತು."