ನಿಂಬೆಹಣ್ಣು ಉರುಳಿದ ಕಡೆ

ಬೆಂಗಳೂರಿನಲ್ಲಿ ಕಾರು ಓಡಿಸುವವರಿಗೆ ಕ್ಲಚ್ಚಿನ ವಿಷಯದಲ್ಲಿ ಯಾರೂ ಹೊಸದಾಗಿ ಏನನ್ನೂ ಹೇಳಿಕೊಡಬೇಕಾಗಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಡಗಾಲು ಮರಗಟ್ಟುವವರೆಗೆ ಹಾಫ್ ಕ್ಲಚ್ಚಿನಲ್ಲಿ ನಿಂತು, ಮುಂದಿನ ಆಟೋಗೂ ನಮ್ಮ ಬಂಪರಿಗೂ ನಡುವೆ ಸ್ಕೂಟರೊಂದು ತೂರಲಾರದಷ್ಟು ಮಾತ್ರ ಜಾಗ ಬಿಡುವ ವಿದ್ಯೆ ಇಲ್ಲಿ ತಾನಾಗಿಯೇ ಕೈಹಿಡಿಯುತ್ತದೆ. ಕಾರು ಜಾರತೊಡಗಿದರೆ ಏನು ಮಾಡಬೇಕೆಂಬುದು ಮಾತ್ರ ಬರುವುದಿಲ್ಲ. ಜಾರಬೇಕಾದರೆ ಮೊದಲು ಒಂದಿಷ್ಟು ವೇಗ ಬೇಕು. ಆ ಸೌಭಾಗ್ಯವನ್ನು ನಮ್ಮ ರಸ್ತೆಗಳು ಹಗಲು ಹೊತ್ತಿನಲ್ಲಿ ಯಾರಿಗೂ ಕರುಣಿಸುವುದಿಲ್ಲ.

ಹೀಗಾಗಿ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ನಡೆಯುವ ಚಾಲನಾ ತರಗತಿಗೆ ಭಾವಮೈದ ತನ್ನ ಹೆಸರಿನ ಜೊತೆಗೆ ನನ್ನದನ್ನೂ ಸೇರಿಸಿದಾಗ ನಾನು ಬೇಡವೆನ್ನಲಿಲ್ಲ. 1990ರಲ್ಲಿ ಆರಂಭವಾದ, 3.7 ಕಿಲೋಮೀಟರ್ ಉದ್ದದ ಆ ಟ್ರ್ಯಾಕು ಚೆನ್ನೈ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಕೃಷ್ಣಗಿರಿ, ಆಂಬೂರು, ವೆಲ್ಲೂರು ದಾಟಿ ನೇರವಾಗಿ ಹೋದರಾಯಿತು. (ಆಂಬೂರಿನಲ್ಲಿ ಬಿರಿಯಾನಿಗೆ ನಿಲ್ಲದೆ ನೇರವಾಗಿ ಹೋಗುವ ಸಂಯಮ ಭಾವಮೈದನಿಗಿಲ್ಲ ಎಂಬುದು ಬೇರೆ ಮಾತು.) ಅದು ಅಕ್ಟೋಬರ್ ಕೊನೆ, ಹಿಂಗಾರು ಆ ಸೀಮೆಗೆ ಕಾಲಿಡುವ ಕಾಲ. "ಮಳೆ ಬಂದ್ರೆ ದುಡ್ಡು ವಾಪಸ್ ಕೊಡ್ತಾರೇನೋ?" ಎಂದು ನನ್ನ ಹೆಂಡತಿ ಕೇಳಿದಾಗ, "ಮಳೆ ಬರಲಿ ಅಂತಾನೇ ಹೋಗ್ತಿರೋದು ಅಕ್ಕ" ಎಂದು ತಮ್ಮನಿಂದ ಉತ್ತರ ಬಂತು. ಆಕೆ ಮರುಮಾತಿಲ್ಲದೆ ಒಳಗೆ ಹೋಗಿ ವಿಮೆಯ ಕಾಗದ ತಂದು, ರೇಸು ಮತ್ತು ವೇಗಪರೀಕ್ಷೆಗೆ ಪರಿಹಾರ ಸಲ್ಲದೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು.

ಟ್ರ್ಯಾಕಿಗೆ ಇಳಿಯುವ ಮುನ್ನ ಕಾರಿನೊಳಗೆ ಸಡಿಲವಾಗಿರುವ ವಸ್ತುಗಳನ್ನೆಲ್ಲ ತೆಗೆದಿಡಬೇಕೆಂಬ ನಿಯಮವಿದೆ. ಕೊಡೆ, ಮಗಳ ಷಟಲ್ ಬ್ಯಾಟು, ಒಂಟಿ ಚಪ್ಪಲಿ, ಯಾರದೋ ಮದುವೆಯ ತಾಂಬೂಲದ ಚೀಲ, ಅದರೊಳಗೆ ನೀರು ಬತ್ತಿ ಗಟಗಟ ಎನ್ನುತ್ತಿದ್ದ ತೆಂಗಿನಕಾಯಿ, ಇವೆಲ್ಲ ಒಂದೊಂದಾಗಿ ಹೊರಬಂದು ಪಕ್ಕದ ಬೆಂಚಿನ ಮೇಲೆ ಸಾಲಾಗಿ ಕುಳಿತಾಗ, ಸುತ್ತ ನಿಂತಿದ್ದ ತರುಣರು ಇವರು ಮನೆ ಖಾಲಿ ಮಾಡಿಕೊಂಡು ಬಂದಿರಬೇಕೆಂದು ಭಾವಿಸಿದಂತೆ ಕಂಡಿತು. ಗೋಂದು ಹಾಕಿ ಕೂರಿಸಿದ್ದರಿಂದ ಡ್ಯಾಶ್‌ಬೋರ್ಡಿನ ಗಣಪತಿಗೆ ಮಾತ್ರ ವಿನಾಯಿತಿ ದೊರೆಯಿತು. ಕೊನೆಗೆ ಶಿಕ್ಷಕರು ಬಗ್ಗಿ, ಚಾಲಕನ ಸೀಟಿನ ಅಡಿಯಿಂದ ಆಯುಧಪೂಜೆಯ ನಿಂಬೆಹಣ್ಣೊಂದನ್ನು ಹೊರತೆಗೆದರು. "ಇದು ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡ್ರೆ ಪೆಡಲ್ ಒತ್ತೋಕಾಗಲ್ಲ ಸಾರ್, ಆಮೇಲೆ ಯಾವ ಪೂಜೆ ಮಾಡಿಸಿದ್ರೂ ಕಾರು ನಿಲ್ಲಲ್ಲ" ಎಂದರು. ಅವರು ಹೊಸೂರಿನವರಾದ್ದರಿಂದ ಬೈಗುಳವೂ ಕನ್ನಡದಲ್ಲೇ ದೊರೆಯಿತು.

ಆದರೆ ಆ ಹಣ್ಣನ್ನು ಅವರು ಎಸೆಯಲಿಲ್ಲ. ಪಕ್ಕದ ಸೀಟಿನಲ್ಲಿ ಕುಳಿತು, ತಿಂಡಿಯ ತಟ್ಟೆಯಲ್ಲಿ ಅದನ್ನಿಟ್ಟುಕೊಂಡು, ಖಾಲಿ ಅಂಗಳದಲ್ಲಿ ನಿಧಾನವಾಗಿ ಓಡಿಸಲು ಹೇಳಿದರು. ಬ್ರೇಕ್ ಒತ್ತಿದಾಗ ಹಣ್ಣು ಮುಂದಿನ ಅಂಚಿಗೆ ಉರುಳಿತು. ಎಕ್ಸಿಲರೇಟರ್ ಒತ್ತಿದಾಗ ಅವರ ಹೊಟ್ಟೆಯ ಕಡೆ ಬಂತು. ಎಡಕ್ಕೆ ತಿರುಗಿಸಿದಾಗ ಬಲಕ್ಕೆ ಓಡಿತು. ಕಾರಿನ ಭಾರವೂ ಹೀಗೆಯೇ ಸರಿಯುತ್ತದೆ, ಭಾರ ಬಿದ್ದ ಟಯರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಗುರಾದದ್ದು ಬಿಟ್ಟುಕೊಡುತ್ತದೆ. ಒಂದೂಕಾಲು ಟನ್ ತೂಕದ ವಾಹನ ನೆಲಕ್ಕೆ ತಾಗುವುದು ಟಯರಿಗೊಂದು ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ ಎಂಬುದನ್ನೂ ಅವರು ಅಲ್ಲೇ ಹೇಳಿದರು. ಅಷ್ಟರಲ್ಲಿ ಮಳೆ ಹಿಡಿಯಿತು.

ಒಣ ರಸ್ತೆಯಲ್ಲಿ ಹೆಚ್ಚಿನ ವೇಗದಲ್ಲಿ ಆಗುವ ಜಾರಾಟ ಒದ್ದೆ ನೆಲದಲ್ಲಿ ಎಷ್ಟೋ ಕಡಿಮೆ ವೇಗದಲ್ಲೇ ಆಗಿಬಿಡುತ್ತದೆ. ಕಲಿಯುವವನಿಗೆ ಮಳೆ ಅನುಕೂಲವಾಗುವುದು ಹೀಗೆ. ಮೊದಲ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದೆ, ಕಾರು ಅದನ್ನು ಗಣನೆಗೆ ತೆಗೆದುಕೊಳ್ಳದೆ ನೇರವಾಗಿ ಮುಂದುವರಿಯಿತು. ಇದು ಅಂಡರ್‌ಸ್ಟಿಯರ್. ಇನ್ನಷ್ಟು ತಿರುಗಿಸಬೇಕೆಂದು ಕೈ ತವಕಿಸುತ್ತದೆ. ತಿರುಗಿಸಿದಷ್ಟೂ ಮುಂದಿನ ಟಯರುಗಳು ಇನ್ನೂ ಜಾರುತ್ತವೆ. ಎಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಸಡಿಲಿಸಿ, ಸ್ಟೀರಿಂಗನ್ನು ತುಸು ನೆಟ್ಟಗೆ ಮಾಡಿದರೆ ಹಿಡಿತ ಮರಳುತ್ತದೆ. ತಿರುವಿನಿಂದ ಹೊರಗೆ ಹೋಗುತ್ತಿರುವಾಗ ಸ್ಟೀರಿಂಗನ್ನು ಹೊರಕ್ಕೇ ತಿರುಗಿಸುವುದಕ್ಕೆ ಎಂಥ ಶ್ರದ್ಧೆ ಬೇಕೆಂಬುದನ್ನು ಮಾಡಿದವರೇ ಬಲ್ಲರು.

ಓವರ್‌ಸ್ಟಿಯರ್ ಇದಕ್ಕಿಂತ ನಾಟಕೀಯ. ತಿರುವಿನ ನಡುವೆ ಎಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ತೆಗೆಯುವಂತೆ ಶಿಕ್ಷಕರು ಹೇಳಿದರು. ಭಾರ ಮುಂದಕ್ಕೆ ಬಂತು, ಹಗುರಾದ ಹಿಂಭಾಗ ನಮ್ಮನ್ನು ಹಿಂದಿಕ್ಕುವ ಆತುರದಲ್ಲಿ ಪಕ್ಕಕ್ಕೆ ಸರಿಯಿತು, ಕಿಟಕಿಯಲ್ಲಿ ತಡೆಗೋಡೆ ಮೆರವಣಿಗೆ ಹೊರಟಿತು. "ಗೋಡೆ ನೋಡ್ಬೇಡಿ ಸಾರ್, ಹೋಗಬೇಕಾದ ಕಡೆ ನೋಡಿ! ಹಿಂದುಗಡೆ ಜಾರಿದ ಕಡೆಗೇ ತಿರುಗ್ಸಿ!" ಎಂದು ಅವರು ಕೂಗಿದರು. ಕಣ್ಣು ಹೋದ ಕಡೆ ಕೈ ಹೋಗುತ್ತದೆ, ಕೈ ಹೋದ ಕಡೆ ಕಾರು. ನನ್ನ ಕಣ್ಣು ಗೋಡೆಯನ್ನು ಬಿಟ್ಟು ಬರುವಷ್ಟರಲ್ಲಿ ನಾವು ಹುಲ್ಲಿನ ಮೇಲೆ, ಬಂದ ದಾರಿಗೆ ಮುಖಮಾಡಿ ನಿಂತಿದ್ದೆವು. ಗಣಪತಿ ಅಲುಗಿರಲಿಲ್ಲ.

ಬ್ರೇಕಿನ ಪಾಠ ಬೇಗ ಮುಗಿಯಿತು. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆಲ್ಲ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದ್ದರೂ, ಅದು ಕೆಲಸ ಮಾಡುವಾಗ ಪೆಡಲು ಕಾಲಡಿಯಲ್ಲಿ ದಡದಡನೆ ನಡುಗುತ್ತದೆಂಬುದು ಬಹಳ ಜನರಿಗೆ ತಿಳಿಯದು. ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯುತ್ತಾರೆ, ತೆಗೆಯದೆ ಒತ್ತಿಹಿಡಿದಿರಬೇಕು.

ಹಿಂತಿರುಗುವಾಗ ವೆಲ್ಲೂರಿನಾಚೆ ಹೆದ್ದಾರಿಯಲ್ಲಿ ನೀರು ನಿಂತಿತ್ತು. ಟಯರಿನ ಗೀರುಗಳು ನೀರನ್ನು ಹೊರಹಾಕಲಾಗದಿದ್ದರೆ ಚಕ್ರ ನೀರಿನ ಪದರದ ಮೇಲೇರಿ ತೇಲುತ್ತದೆ, ಆಗ ಸ್ಟೀರಿಂಗೂ ಬ್ರೇಕೂ ಹೆಸರಿಗಷ್ಟೇ. ಹಾಗಾಗಿ ನಾನು ಅರುವತ್ತನ್ನು ಮೀರಲಿಲ್ಲ. "ಟ್ರ್ಯಾಕಲ್ಲೇ ಇದಕ್ಕಿಂತ ಜೋರಾಗಿ ಓಡಿಸಿದ್ರಿ ಭಾವ" ಎಂದು ಭಾವಮೈದ ಹಲುಬಿದ.

ಮರುವಾರ ಜಯನಗರದ ಟಯರ್ ಅಂಗಡಿಯವನು ಹಳೆಯ ಟಯರುಗಳ ಮೇಲೆ ಹೆಬ್ಬೆರಳಾಡಿಸಿ, "ಇನ್ನೂ ಹತ್ತು ಸಾವಿರ ಓಡುತ್ತೆ ಬಿಡಿ ಸಾರ್" ಎಂದ. ಗೀರಿನ ಆಳ 1.6 ಮಿಲಿಮೀಟರಿಗೆ ಇಳಿಯುವ ಹೊತ್ತಿಗೆ ಟಯರು ಬದಲಾಗಬೇಕೆಂಬ ನಿಯಮವನ್ನೂ, ಒದ್ದೆ ರಸ್ತೆಗೆ ಅದಕ್ಕಿಂತ ಹೆಚ್ಚೇ ಬೇಕೆಂಬುದನ್ನೂ ವಿವರವಾಗಿ ತಿಳಿಸಿಕೊಟ್ಟ ಮೇಲೆ, ಅವನು ನಾಲ್ಕು ಹೊಸ ಟಯರುಗಳನ್ನು ಸಂತೋಷದಿಂದಲೇ ಇಳಿಸಿದ. ಅದರ ಬಿಲ್ಲು ತರಗತಿಯ ಶುಲ್ಕವನ್ನು ಮೀರಿತು. ಭಾವಮೈದ ಈಗ ಎರಡನೇ ಹಂತದ ತರಗತಿಯ ಮಾತೆತ್ತಿದ್ದಾನೆ. ಅವನ ಅಕ್ಕ ಒಪ್ಪಿದ್ದಾಳೆ, ಕಾರು ಅವನದಾದರೆ.